ಒಂದೇ ಏಸಿಗೆ ಮೂರು ಥರ್ಮೋಸ್ಟಾಟ್, ಮೂರು ಬೇಸಿಗೆ

ಏಸಿಯ ಫ್ಯಾನ್ ತಿರುಗುತ್ತಿತ್ತು, ಗಾಳಿಯೂ ಬರುತ್ತಿತ್ತು. ಕಂಪ್ರೆಸರ್ ಎದ್ದಾಗ ಕಿಟಕಿಯ ಚೌಕಟ್ಟೇ ಒಮ್ಮೆ ನಡುಗುವ ಆ 'ಧಡ್' ಸದ್ದು ಮಾತ್ರ ಇಲ್ಲ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ, ಹೊರಗೆ 42 ಡಿಗ್ರಿ. ಅವ್ವ ಮಂಚ ಬಿಟ್ಟು, ಒದ್ದೆ ಟವೆಲ್ ಹೊದ್ದುಕೊಂಡು ಶಾಬಾದಿ ಕಲ್ಲಿನ ನೆಲದ ಮೇಲೆ ಮಲಗಿದ್ದಳು.

ಬಂದ ಮೆಕ್ಯಾನಿಕ್ ಮುಂದಿನ ಜಾಲರಿಯನ್ನೂ ತೆಗೆಯಲಿಲ್ಲ. ಗಾಳಿಗೆ ಅಂಗೈ ಅಡ್ಡ ಹಿಡಿದು, "ಗ್ಯಾಸ್ ಹೋಗೇದ ಅಣ್ಣಾ, ಮೂರೂವರೆ ಸಾವಿರ ಆಗ್ತದ" ಅಂದ. ನಾನು ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಏಸಿ ವಿದ್ಯೆ ನನ್ನದಲ್ಲ. ಆದರೆ ಕಂಪ್ರೆಸರ್ ಏಳದಿದ್ದಾಗ ಗ್ಯಾಸ್ ಇದ್ದರೇನು, ಹೋದರೇನು, ತಂಪು ಎಲ್ಲಿಂದ ಬರಬೇಕು ಎಂಬಷ್ಟು ತಿಳಿಯುತ್ತದೆ. "ನಾಳೆ ಹೇಳ್ತೀನಿ" ಎಂದು ಚಹಾ ಕುಡಿಸಿ ಕಳಿಸಿದೆ.

ನಮ್ಮದು ಹಳೆಯ 1.5 ಟನ್ ಕಿಟಕಿ ಏಸಿ, ಎರಡು ತಿರುಗಣೆಯದು. ಒಂದು ಸೆಲೆಕ್ಟರ್ ಸ್ವಿಚ್: ಫ್ಯಾನ್, ಕೂಲ್, ಹೈ, ಲೋ. ಇನ್ನೊಂದು ಕೋಣೆಯ ಶಾಖ ನೋಡಿ ಕಂಪ್ರೆಸರನ್ನು ಎಬ್ಬಿಸುವ, ನಿಲ್ಲಿಸುವ ಥರ್ಮೋಸ್ಟಾಟ್. ಕಂಪ್ರೆಸರ್‌ಗೆ ಹೋಗುವ ಫೇಸ್ ಈ ಥರ್ಮೋಸ್ಟಾಟಿನ ಮೂಲಕವೇ ಹಾದು ಹೋಗುತ್ತದೆ. ಫ್ಯಾನಿಗೆ ಅದರ ಹಂಗಿಲ್ಲ. ಹಾಗಾಗಿ ಫ್ಯಾನ್ ತಿರುಗಿ ಕಂಪ್ರೆಸರ್ ಸುಮ್ಮನಿದ್ದರೆ ಮೊದಲ ಅನುಮಾನ ಇಲ್ಲೇ, ಆಮೇಲೆ ಕಂಪ್ರೆಸರ್ ಏಳಲು ಬಲ ಕೊಡುವ ಕೆಪಾಸಿಟರ್ ಮೇಲೆ. ಎಂಸಿಬಿ ಇಳಿಸಿ, ಪ್ಲಗ್ಗನ್ನೂ ಕಿತ್ತು, ಥರ್ಮೋಸ್ಟಾಟಿನ ಎರಡು ವೈರ್ ಬಿಚ್ಚಿ ಒಂದಕ್ಕೊಂದು ಕೂಡಿಸಿ ಟೇಪ್ ಸುತ್ತಿದೆ. ಮತ್ತೆ ಕರೆಂಟ್ ಕೊಟ್ಟೆ. ಧಡ್! ಹತ್ತು ನಿಮಿಷದಲ್ಲಿ ಕೋಣೆ ತಣ್ಣಗಾಗತೊಡಗಿತು.

ಬಿಚ್ಚಿದ ಥರ್ಮೋಸ್ಟಾಟನ್ನು ಬೆಳಕಿಗೆ ಹಿಡಿದು ನೋಡಿದೆ. ಅದರಿಂದ ಹೊರಡುವ ಕೂದಲಿನಂಥ ತಾಮ್ರದ ನಳಿಗೆ ಕ್ಯಾಪಿಲರಿ ಅನ್ನುತ್ತಾರೆ. ಅದರ ತುದಿಯ ಬಲ್ಬು ಗಾಳಿ ತಣಿಸುವ ಕಾಯಿಲ್ ಮುಂದೆ, ಕೋಣೆಯ ಗಾಳಿ ಒಳಬರುವ ಜಾಗದಲ್ಲಿ ಕ್ಲಿಪ್ಪಿನಲ್ಲಿ ಕೂತಿರುತ್ತದೆ. ನಳಿಯೊಳಗೆ ಗ್ಯಾಸ್ ತುಂಬಿರುತ್ತದೆ. ಕೋಣೆ ಬಿಸಿಯಾದರೆ ಅದು ಹಿಗ್ಗಿ ಒಳಗಿನ ತಿದಿಯನ್ನು ಒತ್ತುತ್ತದೆ, ಕಾಂಟ್ಯಾಕ್ಟ್ ಕೂಡುತ್ತದೆ; ತಣ್ಣಗಾದರೆ ಕುಗ್ಗಿ ಬಿಡುತ್ತದೆ. ನಮ್ಮದರಲ್ಲಿ ನಳಿ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸೀಳಿತ್ತು. ಒಳಗಿನದು ಸೋರಿ ಹೋದಮೇಲೆ ಥರ್ಮೋಸ್ಟಾಟಿನ ಪಾಲಿಗೆ ಕೋಣೆ ಸದಾ ತಣ್ಣಗೇ. ಅಂದರೆ ಮೆಕ್ಯಾನಿಕ್ ಪೂರ್ತಿ ಸುಳ್ಳು ಹೇಳಿರಲಿಲ್ಲ. ಗ್ಯಾಸ್ ಹೋಗಿತ್ತು, ಥರ್ಮೋಸ್ಟಾಟಿನದು!

ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಬಿಡಿಭಾಗ ಮಾರುವ ಚಾಚಾ ಕೌಂಟರ್ ಮೇಲೆ ಮೂರು ಸಾಮಾನು ಇಟ್ಟರು. ಅದೇ ಥರದ ಹೊಸ ತಿರುಗಣೆ ಥರ್ಮೋಸ್ಟಾಟ್, 280 ರೂಪಾಯಿ. ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೂ ಮೀನಿನ ತೊಟ್ಟಿಗೂ ಹಾಕುವ ಡಿಜಿಟಲ್ ಕಂಟ್ರೋಲರ್ ಡಬ್ಬಿ, 480. ರಿಮೋಟ್ ಸಮೇತ ಬರುವ ಯೂನಿವರ್ಸಲ್ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡು) ಕಿಟ್, 850. "ಯಾವುದು ಚಲೋ ಚಾಚಾ?" ಎಂದರೆ, "ಮೂರೂ ಚಲೋನೇ ಬೇಟಾ, ನಿಮ್ಮ ಕರೆಂಟ್ ಹೆಂಗದ ಅದರ ಮ್ಯಾಲ" ಅಂದರು. ಆ ಮಾತು ಸರಿಯಾಗಿ ತಲೆಗೆ ಇಳಿಯಲು ನನಗೆ ಮೂರು ಬೇಸಿಗೆ ಬೇಕಾದವು.

ಕೈ ಹಾಕುವ ಮುಂಚೆ ಎರಡು ಮಾತು. ಇದು 230 ವೋಲ್ಟ್. ನಮ್ಮಕ್ಕನ ಮಗ ಕೆನಡಾದಲ್ಲಿದ್ದಾನೆ. ಅವನ ಮನೆಯ ಹೀಟ್ ಪಂಪ್ ಚಳಿಗಾಲದಲ್ಲಿ ಹೊರಗಿನ ಶಾಖ ಎಳೆದು ಒಳಗೆ ತರುತ್ತದೆ, ಬೇಸಿಗೆಯಲ್ಲಿ ಒಳಗಿನದನ್ನು ಹೊರಗೆ ಹಾಕುತ್ತದೆ. ನಮ್ಮ ಏಸಿಯೂ ಅದೇ ಜಾತಿಯದು, ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ ಅಷ್ಟೇ. "ಮಾಮಾ, ಥರ್ಮೋಸ್ಟಾಟ್ ನಾನೇ ಚೇಂಜ್ ಮಾಡಿದೆ, ಅರ್ಧ ತಾಸು" ಎಂದು ಅವನು ವಿಡಿಯೋ ಕಾಲ್‌ನಲ್ಲಿ ತೋರಿಸಿದ. ಅಲ್ಲಿ ಗೋಡೆಯ ಥರ್ಮೋಸ್ಟಾಟಿಗೆ ಬರುವುದು 24 ವೋಲ್ಟಿನ ಸಣ್ಣ ವೈರುಗಳು: ಆರ್, ಸಿ, ವೈ, ಜಿ, ಮತ್ತೆ ದಿಕ್ಕು ಬದಲಿಸುವ ವಾಲ್ವಿನ ಓ ಅಥವಾ ಬಿ. ಕೊನೆಯದರ ಸೆಟ್ಟಿಂಗ್ ಉಲ್ಟಾ ಆದರೆ ತಂಪು ಕೇಳಿದಾಗ ಬಿಸಿ ಬರುತ್ತದೆ, ಜೀವಕ್ಕೇನೂ ಆಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಎಂಸಿಬಿ ಇಳಿಸಿದರೂ ಕೆಪಾಸಿಟರ್ ಒಳಗೆ ಕರೆಂಟ್ ಕೂತಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವವರನ್ನು ನೋಡಿದ್ದೇನೆ, ನಾನು 100 ವ್ಯಾಟ್ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚಿ ಖಾಲಿ ಮಾಡುತ್ತೇನೆ. ಆಮೇಲೆ ಮೊಬೈಲ್‌ನಲ್ಲಿ ವೈರುಗಳ ಫೋಟೋ. ಕೆನಡಾದಲ್ಲೂ ರಾಯಚೂರಿನಲ್ಲೂ ಇದೊಂದು ಕೆಲಸ ಸೇಮ್.

ಮೊದಲ ಬೇಸಿಗೆ ತಿರುಗಣೆ. ಜಾಲರಿ, ನಾಬು, ಎರಡು ಸ್ಕ್ರೂ, ಎರಡು ವೈರು: ಮುಕ್ಕಾಲು ತಾಸಿನ ಕೆಲಸ, ಏಸಿಯನ್ನು ಕಿಟಕಿಯಿಂದ ಹೊರಗೆ ಎಳೆಯುವ ಗೋಜೂ ಇಲ್ಲ. ಇಲ್ಲಿ ಕೆಡಿಸಲು ಇರುವುದು ಒಂದೇ ದಾರಿ, ಆ ದಾರಿಯಲ್ಲಿ ನಾನು ಹೋದೆ. ಉದ್ದ ಹೆಚ್ಚಾದ ಕ್ಯಾಪಿಲರಿಯನ್ನು ಪಕ್ಕಡಿನಿಂದ ಚೂಪಾಗಿ ಮಡಚಿದೆ. ನಳಿ ಮುರಿಯಿತು, 280 ರೂಪಾಯಿ ನೀರಿಗೆ ಹೋಯಿತು. ಎರಡನೆಯದನ್ನು ಬೆರಳಿನಿಂದಲೇ ಮೆಲ್ಲಗೆ ಬಾಗಿಸಿ ಬಳೆಯಷ್ಟು ಅಗಲದ ಸುರುಳಿ ಮಾಡಿದೆ, ತಗಡಿಗೆ ತಾಗುವ ಕಡೆ ರಬ್ಬರ್ ತೋಳು ಹಾಕಿದೆ. ಬಲ್ಬು ಕಾಯಿಲ್‌ನ ರೆಕ್ಕೆಗಳಿಗೆ ತಾಗಬಾರದು. ತಾಗಿದರೆ ಕೋಣೆ ತಣಿಯುವ ಮುಂಚೆಯೇ ಕಟ್‌ಆಫ್ ಆಗುತ್ತದೆ.

ಅದು ಹೇಗೆ ನಡೆಯಿತು ಎಂದರೆ, ಒರಟು ಆದರೆ ನಂಬಿಗಸ್ತ. ಮಂಚದ ತಲೆಯ ಕಡೆ ಥರ್ಮಾಮೀಟರ್ ಇಟ್ಟು ನೋಡಿದೆ: 24ಕ್ಕೆ ನಿಲ್ಲುತ್ತದೆ, 27 ಆದಮೇಲೆ ಏಳುತ್ತದೆ. ಮೂರು ಡಿಗ್ರಿಯ ಉಯ್ಯಾಲೆ. ರಾತ್ರಿ ಅವ್ವ ಒಮ್ಮೆ ಚಾದರ ಎಳೆದುಕೊಳ್ಳುವಳು, ಒಮ್ಮೆ ಒದೆಯುವಳು. ನಾಬಿನ ಮೇಲೆ ಡಿಗ್ರಿ ಇಲ್ಲ, ಬರೀ 1ರಿಂದ 9. ನಿಜವಾದ ತೊಂದರೆ ಬೇರೆ. ರಜೆಗೆ ಬಂದ ತಂಗಿಯ ಮಗ ನಾಬನ್ನು ಹಿಂದೆ ಮುಂದೆ ತಿರುವಿ ಆಡಿದ. ನಿಂತ ಕಂಪ್ರೆಸರ್ ಮರುಕ್ಷಣವೇ ಏಳಲು ಹೋಗಿ ಗುಂಯ್ ಎಂದು ನರಳಿತು, ಅದನ್ನು ಕಾಯುವ ಓವರ್‌ಲೋಡ್ ಸ್ವಿಚ್ ಟಕ್ ಎಂದು ಕರೆಂಟ್ ಕಡಿಯಿತು. ಒಳಗಿನ ಗ್ಯಾಸಿನ ಒತ್ತಡ ಎರಡೂ ಕಡೆ ಸಮ ಆಗಲು ಮೂರು ನಿಮಿಷವಾದರೂ ಬೇಕು. ತಿರುಗಣೆ ಥರ್ಮೋಸ್ಟಾಟಿಗೆ ಕಾಯುವುದು ಗೊತ್ತಿಲ್ಲ. ಕರೆಂಟ್ ಹೋಗಿ ಫಟ್ಟನೆ ಬಂದಾಗಲೂ ಇದೇ ಕಥೆ. ಟೈಮ್ ಡಿಲೇ ಇರುವ ಸ್ಟೆಬಿಲೈಸರ್ ಇದ್ದರೆ ಕರೆಂಟಿನ ಕಾಟದಿಂದ ಉಳಿಯುತ್ತೀರಿ. ಹುಡುಗರ ಕಾಟಕ್ಕೆ ಸ್ಟೆಬಿಲೈಸರ್ ಇಲ್ಲ.

ಎರಡನೇ ಬೇಸಿಗೆ ಡಿಜಿಟಲ್ ಡಬ್ಬಿ. ಬಳಸಲು ಬಲು ಸುಖ. ಕೆಂಪು ಅಂಕಿ ಎದುರಿಗೇ ಕಾಣುತ್ತದೆ. ಎಫ್1ರಲ್ಲಿ ಬೇಕಾದ ಡಿಗ್ರಿ, ಎಫ್2ರಲ್ಲಿ ಎಷ್ಟು ಏರಿದ ಮೇಲೆ ಮತ್ತೆ ಚಾಲೂ ಆಗಬೇಕು ಎಂಬುದು, ಎಫ್3ರಲ್ಲಿ ಕಂಪ್ರೆಸರ್ ಕಾಯಬೇಕಾದ ನಿಮಿಷ, ಎಫ್4ರಲ್ಲಿ ಅಂಕಿಯ ತಿದ್ದುಪಡಿ. ನಾನು 26, 1.5, 4 ಇಟ್ಟೆ. ಎಫ್2 ಕಾರ್ಖಾನೆಯಿಂದ ಬರುವುದು 0.5ಕ್ಕೆ; ಹಾಗೇ ಬಿಟ್ಟರೆ ಕಂಪ್ರೆಸರ್ ಗಳಿಗೆಗೊಮ್ಮೆ ಎದ್ದು ಕೂರುತ್ತದೆ. ಸೆನ್ಸರ್ ವೈರ್ ಉದ್ದ ಇರುವುದರಿಂದ ಅದನ್ನು ಮಂಚದ ಪಕ್ಕದ ಗೋಡೆಗೇ ತಂದೆ. ಅವ್ವ ಮಲಗುವ ಜಾಗದ ಶಾಖವೇ ಲೆಕ್ಕಕ್ಕೆ ಬಂತು, ಚಾದರದ ಜಗಳ ಮುಗಿಯಿತು. ಒಂದು ರಾತ್ರಿ ಸೆನ್ಸರ್ ಕೌದಿಯೊಳಗೆ ಸಿಕ್ಕಿಕೊಂಡು, ಕೋಣೆ 21 ಆದರೂ ಡಬ್ಬಿ 29 ಎಂದೇ ತೋರಿಸುತ್ತಿತ್ತು. ಅಂದಿನಿಂದ ಸೆನ್ಸರ್ ಮೊಳೆಗೆ ನೇತಾಡುತ್ತಿದೆ, ಕೈಗೆ ಎಟುಕದ ಎತ್ತರದಲ್ಲಿ.

ತಪ್ಪು ಮಾಡಿದ್ದು ಇನ್ನೊಂದು ಕಡೆ. ಡಬ್ಬಿಯ ಮೇಲೆ 10 ಆಂಪ್ಸ್ ಎಂದು ಬರೆದಿದೆ. ನಮ್ಮ ಏಸಿ ಓಡುವಾಗ ಎಳೆಯುವುದು 7–8 ಆಂಪ್ಸ್. ಸಾಕಲ್ಲ ಎಂದುಕೊಂಡೆ. ಆದರೆ ಕಂಪ್ರೆಸರ್ ಏಳುವ ಗಳಿಗೆಯಲ್ಲಿ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ, ಪ್ರತಿ ಸಲವೂ ಡಬ್ಬಿಯೊಳಗಿನ ಸಣ್ಣ ಸ್ವಿಚ್ಚಾದ ರಿಲೇಯ ಮೊನೆಗಳ ನಡುವೆ ಕಿಡಿ. ಮೂರು ತಿಂಗಳು ತಡೆಯಿತು. ಜೂನ್‌ನಲ್ಲಿ ಮಿರಗದ ಮಳೆ ಬಿದ್ದು ಹೊರಗೆ ತಂಪಾದ ರಾತ್ರಿ ರಿಲೇ ಅಂಟಿಕೊಂಡಿತು. ಡಬ್ಬಿ 'ನಿಲ್ಲು' ಅನ್ನುತ್ತಿದೆ, ಕಂಪ್ರೆಸರ್ ಓಡುತ್ತಲೇ ಇದೆ. ಬೆಳಗಿನ ಜಾವ ಅವ್ವ ಎಬ್ಬಿಸಿದಳು: "ಏಸಿ ಉಸ್ರ ಬಿಡವಲ್ದು ನೋಡಪಾ." ಜಾಲರಿ ತೆಗೆದರೆ ಕಾಯಿಲ್ ಕಾಣಲೇ ಇಲ್ಲ, ಅದರ ಮೇಲೆ ಬೆರಳು ದಪ್ಪದ ಮಂಜುಗಡ್ಡೆ. ರಾಯಚೂರಿನಲ್ಲಿ ಮಂಜುಗಡ್ಡೆ ಬಿದ್ದದ್ದು ಅದೇ ಮೊದಲು ಎಂದು ನಮ್ಮಾಕಿ ಇಂದಿಗೂ ನಗುತ್ತಾಳೆ. ಕರಗಿದ ನೀರು ಗೋಡೆಯ ಸುಣ್ಣವನ್ನೆಲ್ಲ ಇಳಿಸಿತು.

ಮತ್ತೆ ತೀನ್ ಕಂದೀಲ್. ಹೊಸ ಡಬ್ಬಿ 480, ಜೊತೆಗೆ 25 ಆಂಪ್ಸಿನ ಕಾಂಟ್ಯಾಕ್ಟರ್ 520. ಈಗ ಡಬ್ಬಿ ಕಾಂಟ್ಯಾಕ್ಟರಿನೊಳಗಿನ ಅಯಸ್ಕಾಂತದ ಸುರುಳಿಗೆ ಮಾತ್ರ ಹುಕುಂ ಕೊಡುತ್ತದೆ, ಕಂಪ್ರೆಸರಿನ ಭಾರ ಹೊರುವುದು ಕಾಂಟ್ಯಾಕ್ಟರ್ ಎಂಬ ಈ ಗಟ್ಟಿ ಸ್ವಿಚ್ಚು. ಇದಿಲ್ಲದೆ ಡಿಜಿಟಲ್ ಡಬ್ಬಿಯನ್ನು ಏಸಿಗೆ ಹಾಕಲೇಬೇಡಿ. ಕಾಂಟ್ಯಾಕ್ಟರ್ ಕೂಡುವಾಗ 'ಠಕ್' ಅನ್ನುತ್ತದೆ, ಸಂಜೆ ವೋಲ್ಟೇಜ್ ಇಳಿದರೆ ಗಿರ್ರ್ ಎಂದು ಒದರುತ್ತದೆ. ಅದಕ್ಕೂ ಸ್ಟೆಬಿಲೈಸರ್ ದಾಟಿ ಬಂದ ಕರೆಂಟನ್ನೇ ಕೊಡಬೇಕು.

ಮೂರನೇ ಬೇಸಿಗೆ ರಿಮೋಟ್ ಕಿಟ್. ಅವ್ವನಿಗೆ ಮೊಣಕಾಲು ನೋವು, ಏಳದೆ ಮಲಗಿದಲ್ಲೇ ಒತ್ತಲಿ ಎಂಬ ಆಸೆ. ಇದರಲ್ಲಿ ಕೆಲಸ ಜಾಸ್ತಿ: ಸೆಲೆಕ್ಟರ್ ಸ್ವಿಚ್ಚನ್ನೂ ತೆಗೆದು ಫ್ಯಾನಿನ ಹೈ, ಲೋ ವೈರುಗಳನ್ನು ಬೋರ್ಡಿಗೆ ಕೊಡಬೇಕು, ಕೋಣೆಯ ಸೆನ್ಸರ್ ಒಂದು, ಕಾಯಿಲ್‌ನ ತಾಮ್ರಕ್ಕೆ ತಾಗಿಸುವ ಸೆನ್ಸರ್ ಇನ್ನೊಂದು. ಭಾನುವಾರ ಬೆಳಗ್ಗೆ ಕೂತವನು ಎದ್ದದ್ದು ಸಂಜೆ. ಮುಂಭಾಗದಲ್ಲಿ ನಾಬು ಇದ್ದ ಎರಡು ತೂತು ಕಣ್ಣು ಕಿತ್ತ ಮುಖದ ಹಾಗೆ ಉಳಿದವು, ರಿಸೀವರನ್ನು ಡಬಲ್ ಟೇಪ್ ಹಚ್ಚಿ ಅಂಟಿಸಿದೆ. ಚೆಂದವಂತೂ ಇಲ್ಲ. ಆದರೆ ಒಂದು ಡಿಗ್ರಿಯ ಒಳಗೇ ನಡೆಸಿತು, ಕಂಪ್ರೆಸರಿಗೆ ಮೂರು ನಿಮಿಷ ಕಾಯಿಸಿತು, ಕಾಯಿಲ್ ತೀರಾ ತಣ್ಣಗಾದರೆ ತಾನೇ ನಿಲ್ಲಿಸಿತು. ಮಂಜುಗಡ್ಡೆಯ ಭಯವಿಲ್ಲ.

ಸೋತದ್ದು ಕರೆಂಟಿನ ಮುಂದೆ. ಶಕ್ತಿನಗರದ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರ 1720 ಮೆಗಾವ್ಯಾಟ್‌ನದು, ನಮ್ಮೂರ ಹತ್ತಿರವೇ ಹೊಗೆ ಉಗುಳುತ್ತದೆ. ಆದರೂ ಮೇ ತಿಂಗಳ ರಾತ್ರಿ ಎರಡು ಗಂಟೆಗೆ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಕೈ ಕೊಡುವುದು ತಪ್ಪಿಲ್ಲ. ಕರೆಂಟ್ ಹೋಗಿ ಬಂದಮೇಲೆ ನಾನು ತಂದ ಬೋರ್ಡು ಹಾಗೇ ಮಲಗಿರುತ್ತಿತ್ತು, ರಿಮೋಟ್ ಒತ್ತಬೇಕು. ನಿದ್ದೆಯಲ್ಲಿರುವ ಮುದುಕಿ ಕತ್ತಲಲ್ಲಿ ರಿಮೋಟ್ ಎಲ್ಲಿ ಹುಡುಕಬೇಕು? ತಾನೇ ಮತ್ತೆ ಚಾಲೂ ಆಗುವ, ಆಟೋ ರೀಸ್ಟಾರ್ಟ್ ಇರುವ ಬೋರ್ಡುಗಳೂ ಸಿಗುತ್ತವೆ. ಕೊಳ್ಳುವ ಮುಂಚೆ ಇದೊಂದನ್ನು ಕೇಳಿ, ರಿಮೋಟಿನ ಬಣ್ಣ ಆಮೇಲೆ ನೋಡಿ. ತಿರುಗಣೆಗೆ ಈ ಚಿಂತೆಯೇ ಇಲ್ಲ, ನಾಬು ಎಲ್ಲಿದೆಯೋ ಅಲ್ಲಿಂದಲೇ ಶುರು. ಡಿಜಿಟಲ್ ಡಬ್ಬಿ ಸೆಟ್ಟಿಂಗ್ ಮರೆಯುವುದಿಲ್ಲ. ದೀಪ ಮಿಣುಕಿಸುತ್ತ ನಾಲ್ಕು ನಿಮಿಷ ಕಾದು ತಾನೇ ಠಕ್ ಅನ್ನುತ್ತದೆ. ಜುಲೈನಲ್ಲಿ ಪಿಸಿಬಿಯ ಮೇಲೆ ಹಲ್ಲಿಯೊಂದು ಹತ್ತಿ ಸತ್ತು ಬೋರ್ಡನ್ನೂ ಸುಟ್ಟಿತು. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ದುಡ್ಡಿನ ವಿಷಯ: ಮುರಿದದ್ದು, ಸುಟ್ಟದ್ದು ಎಲ್ಲ ಸೇರಿ 2,890 ರೂಪಾಯಿ, ವೈರು ಲಗ್ಗುಗಳ ಚಿಲ್ಲರೆ ಬೇರೆ. ಮೆಕ್ಯಾನಿಕ್ ಕೇಳಿದ್ದಕ್ಕಿಂತ ಇನ್ನೂ ಕಡಿಮೆಯೇ. ಬಿಲ್ಲಿನಲ್ಲಿ ವ್ಯತ್ಯಾಸ ಕಂಡದ್ದು ಥರ್ಮೋಸ್ಟಾಟಿನ ಜಾತಿಯಿಂದಲ್ಲ, ಡಿಗ್ರಿಯ ಅಂಕಿ ಕಣ್ಣಿಗೆ ಬಿದ್ದದ್ದರಿಂದ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. 2020ರಿಂದ ಹೊಸ ಸ್ಟಾರ್ ಏಸಿಗಳು 24ಕ್ಕೇ ಚಾಲೂ ಆಗಬೇಕೆಂಬ ನಿಯಮವೂ ಇದೆ. ಥರ್ಮಾಮೀಟರ್ ಇಡದೆ 1ರಿಂದ 9ರ ನಾಬಿನಲ್ಲಿ 24 ಎಲ್ಲಿದೆ ಎಂದು ಯಾರಿಗೆ ಗೊತ್ತು? ಹಳೆಯ ಥರ್ಮೋಸ್ಟಾಟ್ ಇದ್ದಾಗ ನಾವು 9ಕ್ಕೇ ತಿರುವಿ ಮಲಗುತ್ತಿದ್ದೆವು. ಈಗ 26, ಮೇಲೆ ಸೀಲಿಂಗ್ ಫ್ಯಾನ್ ಎರಡರಲ್ಲಿ.

ನನ್ನನ್ನು ಕೇಳಿದರೆ, ಟೈಮ್ ಡಿಲೇ ಸ್ಟೆಬಿಲೈಸರ್ ಇದ್ದು, ನಾಬು ಆಡಿಸುವ ಮಕ್ಕಳಿಲ್ಲದ ಮನೆಗೆ 280ರ ತಿರುಗಣೆಯೇ ಸಾಕು, ಮಿಕ್ಕದ್ದೆಲ್ಲ ಶೋಕಿ. ರಿಮೋಟ್ ಬೇಕೇ ಬೇಕು ಎನ್ನುವವರು ಬೋರ್ಡಿನ ಡಬ್ಬಿಗೆ ಹಲ್ಲಿ ನುಗ್ಗದಂತೆ ಸಣ್ಣ ಜಾಲರಿ ಬಡಿಯಿರಿ. ನಮ್ಮ ಕಿಟಕಿಯಲ್ಲಿ ಡಿಜಿಟಲ್ ಡಬ್ಬಿ, ಕಾಂಟ್ಯಾಕ್ಟರ್ ವಾಪಸ್ ಬಂದಿವೆ. ಮೊನ್ನೆ ರಾತ್ರಿ ಕರೆಂಟ್ ಹೋಗಿ ಬಂತು. ಎದ್ದು ಹೋಗಿ ನೋಡಿದೆ, ದೀಪ ಮಿಣುಕುತ್ತಿತ್ತು. ಕತ್ತಲಲ್ಲೇ ಅವ್ವನ ದನಿ: "ಮಕ್ಕೋ ಹೋಗು, ಇನ್ನೆರಡು ನಿಮಿಷಕ್ಕ ಠಕ್ ಅಂತದ."