ಮುದ್ದೆ, ಮೊಸರನ್ನದ ಚಿತ್ರ ಇರುವ ಕಾರ್ಡುಗಳು

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಕ್ಕಳನ್ನು ಥೆರಪಿಗೆ ಕರೆದೊಯ್ಯುವವರು ಈ ಕಾರ್ಡುಗಳನ್ನು ಖಂಡಿತ ನೋಡಿ. ಮಾತು ಬಾರದ ಆಟಿಸಂ ಮಕ್ಕಳು ಚಿತ್ರ ಕೊಟ್ಟು ಬೇಕಾದ್ದನ್ನು ಕೇಳಲು ಮಾಡಿದ್ದು. ಮಾಡುವವರು ಅಂಥದೇ ಮಗಳಿರುವ ತಾಯಿ. ಅಂಗಡಿ ಇಲ್ಲ, ಮನೆಯ ಹಾಲ್‌ನಲ್ಲೇ ಲ್ಯಾಮಿನೇಷನ್ ಮೆಷಿನ್.

ನಾನು ಆನ್‌ಲೈನ್‌ನಲ್ಲಿ ತರಿಸಿದ್ದ ಸೆಟ್‌ನಲ್ಲಿ ಬರೀ ಸ್ಯಾಂಡ್‌ವಿಚ್, ಬಾತ್‌ಟಬ್. ನಮ್ಮನೆಯಲ್ಲಿ ಅವೆಲ್ಲಿವೆ? ಇವರದರಲ್ಲಿ ಮುದ್ದೆ, ಮೊಸರನ್ನ, ಬಕೆಟ್ಟು, ಚೊಂಬು, ಕೆಂಪು ಬಸ್ಸು! ಎಲ್ಲ ಅವರೇ ತೆಗೆದ ಫೋಟೋ. ಮೂಲೆಗಳನ್ನು ದುಂಡಗೆ ಕತ್ತರಿಸಿದ್ದಾರೆ, ಚುಚ್ಚಲ್ಲ. ಜೊಲ್ಲು ಬಿದ್ದರೆ ಒರೆಸಿದರಾಯ್ತು. ಅಜ್ಜಿಯ ಫೋಟೋ ಕಳಿಸಿದೆ, ಅದನ್ನೂ ಕಾರ್ಡು ಮಾಡಿಕೊಟ್ಟರು. ಮಗು ಕಾರ್ಡು ಕೊಟ್ಟ ತಕ್ಷಣ ಆ ವಸ್ತು ಕೊಡಬೇಕು, ತಡ ಮಾಡಬಾರದು ಅಂತ ಕೂತು ತೋರಿಸಿಕೊಟ್ಟರು. ನನ್ನ ಮಗ ಈಗ ಮೊಸರನ್ನಕ್ಕೆ ಅಳುವುದಿಲ್ಲ, ಕಾರ್ಡು ತಂದು ಕೈಗಿಡುತ್ತಾನೆ.

ಮೊದಮೊದಲು ಮಗಳನ್ನು ಥೆರಪಿಗೆ ಕರೆತಂದಾಗ ಚೀಲದಲ್ಲಿಟ್ಟುಕೊಂಡು ಮಾರುತ್ತಿದ್ದರಂತೆ. ಎಷ್ಟೋ ದಿನ ಒಂದೂ ಹೋಗುತ್ತಿರಲಿಲ್ಲವಂತೆ. ಈಗ ಬೇರೆ ಊರಿಗೂ ಅಂಚೆಯಲ್ಲಿ ಕಳಿಸುತ್ತಾರೆ. ಕತ್ತರಿಸುವ ಕೆಲಸಕ್ಕೆ ಇನ್ನಿಬ್ಬರು ಅಮ್ಮಂದಿರನ್ನು ಸೇರಿಸಿಕೊಂಡಿದ್ದಾರೆ.

ಮಗಳಿಗೆ ಹುಷಾರಿಲ್ಲದಿದ್ದರೆ ಆರ್ಡರ್ ತಡವಾಗುತ್ತದೆ, ಆದರೆ ಮೊದಲೇ ಫೋನ್ ಮಾಡಿ ಹೇಳುತ್ತಾರೆ. ಕಾರ್ಡಿನ ಹಿಂದಿನ ವೆಲ್ಕ್ರೋ ಮಾತ್ರ ಬೇಗ ಕಿತ್ತುಬರುತ್ತೆ. ಅದಕ್ಕೆ ಗಟ್ಟಿ ಅಂಟು ಬೇಕು. ಅವರಿಗೂ ಹೇಳಿದ್ದೇನೆ.