ಡಬಲ್ ಎಲೆಕ್ಟ್ರಿಕ್ ಬ್ರೆಸ್ಟ್ ಪಂಪ್: ಮಗಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ

ಪಂಪ್ ತಂದ ಹೊಸದರಲ್ಲಿ ರಿವ್ಯೂ ಬರೆಯುವವರೆಲ್ಲ ಐದು ಸ್ಟಾರ್ ಕೊಟ್ಟಿರುತ್ತಾರೆ. ಮೋಟಾರು ಹೊಸದು, ವಾಲ್ವ್ ಹೊಸದು, ಹಾಲೂ ಧಾರಾಳ. ಮಗು ಓಡಾಡುತ್ತಾ ಅನ್ನ ಸಾರು ತಿನ್ನುವ ಕಾಲಕ್ಕೆ ಅದೇ ಪಂಪ್ ಹೇಗಿರುತ್ತದೆ ಅಂತ ಬರೆದವರು ಕಡಿಮೆ. ಅದಕ್ಕೇ ಇದು.

ನನ್ನದು ಎರಡೂ ಕಡೆ ಒಟ್ಟಿಗೆ ಹಾಕಿಕೊಳ್ಳುವ, ಚಾರ್ಜ್ ಮಾಡಿ ಬಳಸುವ ಪಂಪ್. ಆರೇಳು ಸಾವಿರದ್ದು. ಕಂಪನಿ ಹೆಸರು ಬರೆಯುವುದಿಲ್ಲ. ಸರ್ವಿಸ್ ಬಗ್ಗೆ ಬೈಯುವುದಿದೆ, ಅಲ್ಲದೆ ಈ ಬೆಲೆಯ ಪಂಪ್‌ಗಳೆಲ್ಲ ಒಳಗೆ ಹೆಚ್ಚುಕಮ್ಮಿ ಒಂದೇ ತರ. ಮನೆ ಶಿವಮೊಗ್ಗದ ವಿನೋಬನಗರ, ಕೆಲಸ ತೀರ್ಥಹಳ್ಳಿಯ ಒಂದು ಬ್ಯಾಂಕ್ ಶಾಖೆಯಲ್ಲಿ. ದಿನಾ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಹೋಗಿ ಬರಬೇಕು. ಬೆಳಿಗ್ಗೆ ಬಸ್ ಹತ್ತಿದರೆ ಮಗಳ ಮುಖ ಕಾಣುವುದು ದೀಪ ಹಚ್ಚಿದ ಮೇಲೆ. 26 ವಾರದ ಹೆರಿಗೆ ರಜೆ ಮುಗಿದಾಗಿನಿಂದ ಪಂಪ್ ನನ್ನ ಬ್ಯಾಗಲ್ಲೇ ಇದೆ.

ಮೋಟಾರಿನ ಬಗ್ಗೆ ದೂರಿಲ್ಲ. ಮೊದಲು ಸಣ್ಣಗೆ ಬೇಗ ಬೇಗ ಎಳೆಯುವ ಮೋಡ್, ಹಾಲು ಇಳಿಯಲು ಶುರುವಾದ ಮೇಲೆ ನಿಧಾನವಾಗಿ ಆಳಕ್ಕೆ ಎಳೆಯುವ ಮೋಡ್. ಮಕ್ಕಳು ಕುಡಿಯುವುದೂ ಹೀಗೇ ಅಲ್ವಾ? ಎರಡನೇ ಮೋಡಲ್ಲಿ ಹಾಲು ನಿಂತರೆ ನಾನು ಮತ್ತೆ ಮೊದಲನೆಯದಕ್ಕೆ ಹೋಗುತ್ತೇನೆ, ಇನ್ನೊಂದು ಸಲ ಇಳಿಯುತ್ತದೆ. ಒಂಬತ್ತು ಲೆವೆಲ್ ಕೊಟ್ಟಿದ್ದಾರೆ, ನಾಲ್ಕರ ಮೇಲೆ ಹೋಗುವ ಅಗತ್ಯವೇ ಬಿದ್ದಿಲ್ಲ. ಜೋರಾಗಿ ಎಳೆದರೆ ಜಾಸ್ತಿ ಹಾಲು ಬರುವುದಿಲ್ಲ, ನೋವು ಬರುತ್ತದೆ. ನೋವಾದರೆ ಹಾಲು ಇಳಿಯುವುದೇ ಕಷ್ಟ.

ಬಾಕ್ಸಲ್ಲಿ ಬಂದ ಕಪ್ 24 ಮಿ.ಮೀ. ಅಳತೆಯದು. ಎಲ್ಲರಿಗೂ ಅದೇ ಆಗುತ್ತದೆ ಅನ್ನುವ ಹಾಗೆ ಒಂದೇ ಅಳತೆ ಹಾಕಿ ಕಳಿಸುತ್ತಾರೆ. ಮೊಲೆತೊಟ್ಟಿನ ಅಗಲವನ್ನು ಸ್ಕೇಲಲ್ಲಿ ಅಳೆದುಕೊಂಡು ಅದಕ್ಕೆ ತಕ್ಕ ಕಪ್ ಹಾಕಬೇಕು. ನನಗೆ ಸರಿಹೋದದ್ದು 21. ಒಳಗೆ ಕೂರಿಸುವ ಸಿಲಿಕಾನ್ ಬಳೆ ಬೇರೆ ಸಿಗುತ್ತದೆ, ಅದನ್ನು ಹಾಕಿಕೊಂಡ ಮೇಲೆ ಉಜ್ಜುವುದು, ಕೆಂಪಾಗುವುದು ನಿಂತಿತು.

ಇನ್ನು ವಾಲ್ವ್. ಇಡೀ ಪಂಪಿನ ಜೀವ ಇರುವುದು ಹೆಬ್ಬೆರಳ ತುದಿಯಷ್ಟಿರುವ ಈ ಸಿಲಿಕಾನ್ ತುಂಡಿನಲ್ಲಿ. ಡಕ್‌ಬಿಲ್ ವಾಲ್ವ್ ಅನ್ನುತ್ತಾರೆ. ತುದಿಯಲ್ಲಿ ಸಣ್ಣ ಸೀಳು. ಎಳೆಯುವಾಗ ಮುಚ್ಚಿಕೊಳ್ಳಬೇಕು, ಬಿಟ್ಟಾಗ ತೆರೆದು ಹಾಲನ್ನು ಬಾಟಲಿಗೆ ಬಿಡಬೇಕು. ದಿನಾ ಬಳಸಿದರೆ ಒಂದೆರಡು ತಿಂಗಳಲ್ಲಿ ಸಡಿಲ ಆಗುತ್ತದೆ. ಮೋಟಾರು ಮಾತ್ರ ಮೊದಲಿನ ಹಾಗೇ ಗುಂಯ್ ಅನ್ನುತ್ತಿರುತ್ತದೆ, ಎಳೆತ ಇರುವುದಿಲ್ಲ. ಬಾಟಲಿ ಅರ್ಧಕ್ಕೆ ಇಳಿದಾಗ ಎಷ್ಟೋ ತಾಯಂದಿರು ಹಾಲು ಬತ್ತಿತು ಅಂದುಕೊಂಡು ಅಳುತ್ತಾರೆ, ಬತ್ತಿದ್ದು ವಾಲ್ವ್. ಬೆಳಕಿಗೆ ಹಿಡಿದು ನೋಡಿ. ಹಿಸುಕದೆ ಇದ್ದಾಗಲೂ ಸೀಳಿನಲ್ಲಿ ಬೆಳಕು ಕಂಡರೆ ಅದರ ಕತೆ ಮುಗಿಯಿತು. ತೊಳೆಯುವಾಗ ಬ್ರಷ್ ಒಳಗೆ ತುರುಕಬೇಡಿ, ಸೀಳು ಹರಿಯುತ್ತದೆ. ಒಂದು ಜೊತೆ ಎಕ್ಸ್‌ಟ್ರಾ ಮೊದಲ ದಿನವೇ ತರಿಸಿಡಿ. ನನಗೆ ದುರ್ಗಿಗುಡಿ, ಗಾಂಧಿ ಬಜಾರ್ ಎಲ್ಲಾ ಹುಡುಕಿದರೂ ಸಿಗಲಿಲ್ಲ. ಬಾಟಲಿ, ನಿಪ್ಪಲ್ ಬೇಕಾದಷ್ಟಿವೆ, ವಾಲ್ವ್ ಕೇಳಿದರೆ "ಎಂತ ವಾಲ್ವ್ ಮೇಡಂ, ಕುಕ್ಕರಿಂದಾ?" ಅಂದರು.

ಕಂಪನಿಯ ಕಸ್ಟಮರ್ ಕೇರ್ ಕತೆಯೂ ಇಲ್ಲೇ ಬರುತ್ತದೆ. ವಾರಂಟಿ ಒಳಗೇ ಒಂದು ಟ್ಯೂಬ್ ಬಿರುಕು ಬಿಟ್ಟಿತು. ಮೇಲ್ ಮಾಡಿದರೆ ಫೋಟೊ ಕಳಿಸಿ ಅಂದರು, ಕಳಿಸಿದರೆ ವಿಡಿಯೊ ಅಂದರು, ಅದೂ ಆದ ಮೇಲೆ ಬೆಂಗಳೂರಿನ ಸೆಂಟರಿಗೆ ಪಂಪನ್ನೇ ಕೊರಿಯರ್ ಮಾಡಿ ಅಂದರು. ಹಾಲುಣಿಸುವ ತಾಯಿ ಒಂದು ವಾರ ಪಂಪ್ ಇಲ್ಲದೆ ಕೆಲಸಕ್ಕೆ ಹೋದರೆ ಎದೆ ಕಟ್ಟಿಕೊಂಡು ಜ್ವರ ಬರುತ್ತದೆ ಅನ್ನುವುದು ಪಂಪ್ ಮಾರುವವರಿಗೇ ಗೊತ್ತಿಲ್ಲವಾ? ಕೊನೆಗೆ ಟ್ಯೂಬನ್ನು ದುಡ್ಡು ಕೊಟ್ಟೇ ತರಿಸಿದೆ.

ಮಳೆಗಾಲದ ಬಗ್ಗೆ ಯಾವ ರಿವ್ಯೂದಲ್ಲೂ ಬರೆದಿರುವುದಿಲ್ಲ. ಜೂನ್‌ನಿಂದ ನಮ್ಮ ಕಡೆ ಯಾವುದೂ ಒಣಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಬಟ್ಟೆಯನ್ನು ಬಚ್ಚಲೊಲೆ ಮೇಲೆ ಹರವುತ್ತಾರೆ, ಹೊಗೆ ವಾಸನೆ ಬಂದರೂ ಪರವಾಗಿಲ್ಲ ಅಂತ. ಪಂಪಿನ ಕಿಟ್‌ಗೆ ಹಾಗೆ ಮಾಡಲಾಗುವುದಿಲ್ಲ. ಟ್ಯೂಬ್ ಒಳಗೆ ಹಬೆ ಕಟ್ಟಿಕೊಂಡು ಒಂದೊಂದೇ ಹನಿ ನಿಲ್ಲುತ್ತದೆ, ನಾಲ್ಕು ದಿನ ಬಿಟ್ಟರೆ ಕಪ್ಪು ಚುಕ್ಕೆ, ಅಂದರೆ ಬೂಷ್ಟು. ಬೂಷ್ಟು ಬಂದ ಟ್ಯೂಬನ್ನು ತೊಳೆದು ಬಳಸಬೇಡಿ, ಬಿಸಾಕಿ. ಹಾಲು ತೆಗೆದಾದ ಮೇಲೆ ಕಪ್ಪಿನಿಂದ ಟ್ಯೂಬ್ ಕಳಚಿ, ಮೋಟಾರನ್ನು ಇನ್ನೂ ಎರಡು ಮೂರು ನಿಮಿಷ ಖಾಲಿ ಓಡಿಸಿದರೆ ಒಳಗಿನ ಹಬೆ ಹೋಗುತ್ತದೆ. ಕಪ್, ವಾಲ್ವ್‌ಗಳಿಗೆ ಒಂದು ಬೇರೆ ಸ್ಟೀಲ್ ಪಾತ್ರೆಯನ್ನೇ ಇಟ್ಟಿದ್ದೇನೆ. ಆಫೀಸಿನ ಸಿಂಕಿನಲ್ಲಿ ನೇರ ತೊಳೆಯುವುದಿಲ್ಲ, ಎಲ್ಲರ ಟೀ ಲೋಟ ಬೀಳುವ ಜಾಗ ಅದು. ಮನೆಗೆ ಬಂದು ಕುದಿಸಿ, ಒಗೆದ ಬಟ್ಟೆ ಮೇಲೆ ಹರವಿ ಫ್ಯಾನ್ ಹಾಕುವುದು.

ಕರೆಂಟ್ ಹೋದರೂ ಪಂಪ್‌ಗೆ ತೊಂದರೆ ಇಲ್ಲ, ಪವರ್ ಬ್ಯಾಂಕಿಗೆ ಹಾಕಿದರೆ ನಡೆಯುತ್ತದೆ. ತೊಂದರೆ ಫ್ರಿಜ್‌ಗೆ. ತೆಗೆದ ಹಾಲು 25 ಡಿಗ್ರಿ ಒಳಗೆ ನಾಲ್ಕು ಗಂಟೆ, ಐಸ್ ಪ್ಯಾಕ್ ಇಟ್ಟ ಬ್ಯಾಗಲ್ಲಿ ಒಂದು ದಿನ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ. ಏಪ್ರಿಲ್‌ನ ಶಿವಮೊಗ್ಗಕ್ಕೆ ಆ ನಾಲ್ಕು ಗಂಟೆಯ ಲೆಕ್ಕ ಹಿಡಿಸುವುದಿಲ್ಲ, ತೆಗೆದ ತಕ್ಷಣ ಐಸ್ ಬ್ಯಾಗೇ ಗತಿ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡಬಹುದು, ಆದರೆ ಮಳೆಗಾಲದ ಕರೆಂಟನ್ನು ನಂಬಿ ನಾನು ಇಡುವುದಿಲ್ಲ. ಇಟ್ಟದ್ದು ಸೋಪಿನ ವಾಸನೆ ಬಂದರೆ ಹೆದರಬೇಡಿ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಅಂಶ ಕೊಬ್ಬನ್ನು ಒಡೆಯುವುದರಿಂದ ಹಾಗಾಗುತ್ತದೆ, ಕೆಟ್ಟಿರುವುದಿಲ್ಲ. ಮಗಳು ಅದನ್ನು ಒಳಲೆಯಲ್ಲಿ ಕೊಟ್ಟರೆ ಉಗಿದಳು. ಅತ್ತೆ ಆರಿದ ರಾಗಿ ಮಣ್ಣಿಗೆ ಬೆರೆಸಿ ಕೊಟ್ಟರೆ ಬಟ್ಟಲು ನೆಕ್ಕಿದಳು.

ವರ್ಷ ಕಳೆದ ಮೇಲೆ ಪಂಪಿನ ಲೆಕ್ಕವೇ ಬೇರೆ. ಒಂದು ಸಲಕ್ಕೆ ನೂರೈವತ್ತು ಎಂ.ಎಲ್. ಬರುತ್ತಿದ್ದದ್ದು ಅರವತ್ತು ಎಪ್ಪತ್ತಕ್ಕೆ ಬಂದು ನಿಂತಿತು. ವಾಲ್ವ್ ಹೊಸದು ಹಾಕಿದರೂ ಅಷ್ಟೇ. ಇದು ಸಹಜ. ಎಷ್ಟು ಹಾಲು ಖಾಲಿಯಾಗುತ್ತದೋ ಅಷ್ಟನ್ನೇ ಮೈ ಮತ್ತೆ ತಯಾರು ಮಾಡುತ್ತದೆ. ಅನ್ನ ತಿನ್ನುವ ಮಗು ಕಡಿಮೆ ಕುಡಿಯುತ್ತದೆ, ಹಾಗಾಗಿ ಕಡಿಮೆ ಬರುತ್ತದೆ. ಅಲ್ಲದೆ ಬಾಟಲಿಯಲ್ಲಿ ಬಂದಷ್ಟೇ ಎದೆಯಲ್ಲಿ ಇತ್ತು ಅಂತಲೂ ಅಲ್ಲ. ಯಾವ ಮೋಟಾರೂ ಮಗುವಿನ ಬಾಯಿಗೆ ಸಮ ಇಲ್ಲ. ಶನಿವಾರ ರಜೆ ಬಂದು ಭಾನುವಾರವೂ ಮಗಳೇ ಕುಡಿದರೆ ಸೋಮವಾರ ಬಾಟಲಿಗೆ ಚೆನ್ನಾಗಿ ಬರುತ್ತದೆ, ಶುಕ್ರವಾರದ ಹೊತ್ತಿಗೆ ಇಳಿದಿರುತ್ತದೆ. ಹಾಗಾಗಿ ಹಾಲು ಉಳಿಸಿದ್ದು ಪಂಪ್ ಅಂತ ನಾನು ಹೇಳುವುದಿಲ್ಲ. ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ಸಲ, ಬಂದು ಕೈಕಾಲು ತೊಳೆದ ಕೂಡಲೇ ಒಂದು ಸಲ, ರಾತ್ರಿ ಪಕ್ಕದಲ್ಲೇ ಮಲಗಿ ಕೇಳಿದಾಗಲೆಲ್ಲ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿ ಹೊತ್ತು ಜಾಸ್ತಿ ಇರುತ್ತದೆ, ಆ ಕುಡಿತ ತಪ್ಪಿಸಿದ ವಾರ ಬಾಟಲಿಯಲ್ಲೂ ಗೊತ್ತಾಗುತ್ತದೆ. ಪಂಪ್ ಮಧ್ಯಾಹ್ನದ ಅಂತರ ತುಂಬುತ್ತದೆ ಅಷ್ಟೇ.

ರೆಕಾರ್ಡ್ ರೂಮಿನಲ್ಲಿ ಹಳೇ ಲೆಡ್ಜರುಗಳ ನಡುವೆ ಕೂತರೆ ಹಾಲು ಇಳಿಯುವುದಾದರೂ ಹೇಗೆ? ಅತ್ತೆ ಒಂದು ದಿನ, "ಕರು ಕಾಣದೆ ಹಸು ಹಾಲು ಬಿಡುತ್ತಾ ಮಾರಾಯ್ತಿ? ಮಗೀನ ವಿಡಿಯೊ ಆದ್ರೂ ನೋಡ್ಕೋ" ಅಂದರು. ನಗು ಬಂತು, ಆದರೆ ಕೆಲಸ ಮಾಡಿತು. ಮಗುವನ್ನು ನೋಡಿದರೆ, ಅದರ ದನಿ ಕೇಳಿದರೆ ಆಕ್ಸಿಟೋಸಿನ್ ಬಿಡುಗಡೆಯಾಗಿ ಹಾಲು ಇಳಿಯುತ್ತದೆ. ಮಧ್ಯಾಹ್ನ ಫೋನಲ್ಲಿ ಅವಳು ಬೆಕ್ಕಿನ ಹಿಂದೆ ಓಡುವುದನ್ನು ನೋಡುತ್ತಾ ಪಂಪ್ ಹಾಕುವುದೇ ರೂಢಿಯಾಯಿತು. ಮಗುವಿಗೆ 15 ತಿಂಗಳಾಗುವವರೆಗೆ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಬಿಡುವು ಕೊಡಬೇಕು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. ನಾನು ಕೇಳಿದ ಮೇಲೆ ಕೊಟ್ಟರು. ಸುಮ್ನೆ ಇದ್ದಿದ್ದರೆ ಯಾರೂ ಕೊಡುತ್ತಿರಲಿಲ್ಲ.

ಹಾಲು ಜಾಸ್ತಿ ಆಗಲಿ ಅಂತ ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ, ಮೆಂತ್ಯೆ, ಶತಾವರಿ ಎಲ್ಲಾ ತಿಂದಿದ್ದೇನೆ. ಸಬ್ಬಸಿಗೆ ಪಲ್ಯ ಅಕ್ಕಿ ರೊಟ್ಟಿಗೆ ಬಹಳ ಚೆನ್ನ, ಅದಕ್ಕಾದರೂ ತಿನ್ನಿ. ಬಾಟಲಿಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಶುಗರ್ ಇರುವವರು ಮೆಂತ್ಯೆ ಪುಡಿಯನ್ನು ಚಮಚಗಟ್ಟಲೆ ನುಂಗುವ ಮೊದಲು ಡಾಕ್ಟರನ್ನು ಕೇಳಿ, ಶುಗರ್ ಇಳಿಯುತ್ತದೆ. ಹಾಲು ಕಡಿಮೆ ಮಾಡುವ ಔಷಧಿಗಳೂ ಇವೆ: ಸೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ. ಮೆಡಿಕಲ್ ಶಾಪಿನಲ್ಲಿ "ಹಾಲು ಕುಡಿಸ್ತಿದೀನಿ" ಅಂತ ಬಾಯಿಬಿಟ್ಟು ಹೇಳಿ. "ವರ್ಷ ಆದ ಮೇಲೆ ಅದು ಬರೀ ನೀರು" ಅನ್ನುವವರಿಗೆ ನಾನು ಉತ್ತರ ಕೊಡುವುದು ಬಿಟ್ಟಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ, ಅದರ ಮೇಲೂ ಕುಡಿಸಿ ಅನ್ನುತ್ತದೆ.

ಈಗ ಕೊಳ್ಳುವವರಿಗೆ: ಮಗು ಆರು ತಿಂಗಳದಿದ್ದು ದಿನಕ್ಕೆ ಎರಡು ಮೂರು ಸಲ ತೆಗೆಯಬೇಕಾದರೆ ಇದನ್ನೇ ತೆಗೆದುಕೊಳ್ಳಿ, ದುಡ್ಡು ದಂಡ ಅಲ್ಲ. ಮಗುವಿಗೆ ವರ್ಷ ದಾಟಿದ್ದರೆ ಸಾವಿರದೊಳಗಿನ ಕೈಪಂಪ್ ಸಾಕು. ಕಳೆದ ಮಳೆಗಾಲದಿಂದ ನಾನೂ ಅದನ್ನೇ ಹೆಚ್ಚು ಒಯ್ಯುತ್ತಿದ್ದೇನೆ. ಟ್ಯೂಬ್ ಇಲ್ಲ, ಬೂಷ್ಟು ಇಲ್ಲ, ಮ್ಯಾನೇಜರ್ ಕ್ಯಾಬಿನ್‌ವರೆಗೆ ಗುಂಯ್ ಅನ್ನುವುದೂ ಇಲ್ಲ. ಪಂಪಿಗೆ ನಾಲ್ಕು ಸ್ಟಾರ್, ಸರ್ವಿಸಿಗೆ ಒಂದು.

ರಜೆ ಮುಗಿಸಿ ಬರಲಿರುವ ಸಹೋದ್ಯೋಗಿಯೊಬ್ಬರು ನಿಮ್ಮ ಪಂಪ್ ಕೊಡ್ತೀರಾ ಅಂತ ಕೇಳಿದ್ದಾರೆ. ನನ್ನ ಪಂಪ್‌ನ ಕಂಪನಿ ಇದು ಒಬ್ಬರಿಗೆ ಮಾತ್ರ ಅಂತ ಪುಸ್ತಕದಲ್ಲೇ ಬರೆದಿದೆ. ಹಾಗಾಗಿ ಪಂಪ್ ಕೊಡುತ್ತಿಲ್ಲ, ಒಡೆಯದೆ ಇಟ್ಟ ಒಂದು ಜೊತೆ ವಾಲ್ವ್ ಇದೆ, ಅವರದು ಇದೇ ಮಾಡೆಲ್ ಆದರೆ ಅದನ್ನು ಕೊಡುತ್ತೇನೆ.