ಹಸಿರು ಚೌಕದ ಜೊತೆ ಎರಡು ವರ್ಷ

ಕಾಸರಗೋಡಿನ ನಮ್ಮ ಎಂಡೋಸ್ಕೋಪಿ ಕೋಣೆಗೆ ಎಐ ಬಂದು ಎರಡು ವರ್ಷ ಆಯಿತು. ಕೊಲನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ ಮಾಡುವಾಗ, ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು) ಇರಬಹುದು ಅನಿಸಿದ ಕಡೆ ಇದು ಪರದೆಯ ಮೇಲೆ ಹಸಿರು ಚೌಕ ಹಾಕುತ್ತದೆ. ‘ತಗೊಳ್ಳಬಹುದಾ?’ ಎಂದು ಕೇಳುವ ಡಾಕ್ಟರುಗಳು ಜಾಸ್ತಿ ಆದ್ದರಿಂದ ಬರೆಯುತ್ತಿದ್ದೇನೆ.

ಐದು ಮಿಲಿಮೀಟರಿಗಿಂತ ಚಿಕ್ಕ, ಚಪ್ಪಟೆ ಪಾಲಿಪ್‌ಗಳು ಸುಲಭವಾಗಿ ಕಣ್ಣು ತಪ್ಪಿಸುತ್ತವೆ. ಊಟ ತಪ್ಪಿದ ಮಧ್ಯಾಹ್ನ, ಏಳನೇ ಕೇಸಿನ ಹೊತ್ತಿಗೆ ನನಗೆ ಸುಸ್ತಾಗಿರುತ್ತದೆ. ಎಐಗೆ ಸುಸ್ತಾಗುವುದಿಲ್ಲ. 2020ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ ಎಐ ಇಲ್ಲದ ಗುಂಪಿನ ಶೇ. 40.4 ಜನರಲ್ಲಿ ಅಡಿನೋಮ (ಮುಂದೆ ಕ್ಯಾನ್ಸರ್ ಆಗಬಹುದಾದ ಪಾಲಿಪ್) ಸಿಕ್ಕಿದರೆ, ಇದ್ದ ಗುಂಪಿನಲ್ಲಿ ಶೇ. 54.8. ಹೆಚ್ಚಿಗೆ ಸಿಕ್ಕವು ಬಹುಪಾಲು ಚಿಕ್ಕವೇ ಅನ್ನುವುದನ್ನು ಮಾರಲು ಬರುವವರು ಹೇಳುವುದಿಲ್ಲ.

ಇನ್ನು ಕಾಟ. ನೊರೆ ಕಂಡರೂ ಚೌಕ, ಕರುಳಿನ ಮಡಿಕೆ ಕಂಡರೂ ಚೌಕ. ಮಂಪರಿನ ಮದ್ದು ಬೇಡ ಎಂದಿದ್ದ ಬದಿಯಡ್ಕದ ಅಜ್ಜ ಒಬ್ಬರು ಪರದೆ ನೋಡಿ, ‘ಅದರಲ್ಲಿ ಎಂತ ಉಂಟು ಡಾಕ್ಟ್ರೇ?’ ಎಂದು ಗಾಬರಿಯಾದರು. ‘ನೊರೆ ಅಜ್ಜ, ಬರೀ ನೊರೆ.’ ನೊರೆ ಒಡೆಯುವ ಮದ್ದು ಸಿಮೆಥಿಕೋನ್ ಸರಿಯಾಗಿ ಕೊಡಲು ಶುರು ಮಾಡಿದ ಮೇಲೆ ಈ ಗಲಾಟೆ ಕಡಿಮೆ ಆಗಿದೆ. ಆದರೆ ಹಿಂದಿನ ದಿನ ಗಂಜಿ ತಿಳಿ, ಬೊಂಡದ ನೀರು ಅಷ್ಟೇ ಎಂದು ಕನ್ನಡ, ತುಳು, ಮಲಯಾಳ ಮೂರರಲ್ಲೂ ಹೇಳಿದರೂ ಯಾರಾದರೊಬ್ಬರು ಬಸಳೆ ಪದಾರ್ಥ ಉಂಡೇ ಬರುತ್ತಾರೆ. ಕರುಳು ಸ್ವಚ್ಛ ಇಲ್ಲದಿದ್ದರೆ ಎಐ ಕೂಡ ಕುರುಡು. ಮಡಿಕೆಯ ಹಿಂದೆ ಅಡಗಿದ್ದೂ ಅದಕ್ಕೆ ಕಾಣುವುದಿಲ್ಲ, ಕ್ಯಾಮೆರಾ ತೋರಿಸಿದಷ್ಟೇ ಅದರ ಲೋಕ. ಸ್ಕೋಪ್ ಹೊರಗೆಳೆಯಲು ಕನಿಷ್ಠ ಆರು ನಿಮಿಷ ಎಂಬ ಹಳೇ ಲೆಕ್ಕ ಬಿಟ್ಟಿಲ್ಲ.

ಕಳೆದ ಮಳೆಗಾಲದಲ್ಲಿ ಸಿಡಿಲಿಗೆ ಎಐ ಪೆಟ್ಟಿಗೆ ಕೆಟ್ಟು ಮೂರು ವಾರ ರಿಪೇರಿಗೆ ಹೋಯಿತು. ಆಗ ಗೊತ್ತಾಯಿತು, ನನ್ನ ಕಣ್ಣು ಪಾಲಿಪ್ ಹುಡುಕುತ್ತಿರಲಿಲ್ಲ, ಚೌಕಕ್ಕೆ ಕಾಯುತ್ತಿತ್ತು. 2025ರ ಪೋಲೆಂಡಿನ ಅಧ್ಯಯನವೂ ಇದನ್ನೇ ಹೇಳಿದೆ. ಎಐ ರೂಢಿಯಾದ ಮೇಲೆ, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅಡಿನೋಮ ಪತ್ತೆ ಶೇ. 28.4ರಿಂದ 22.4ಕ್ಕೆ ಇಳಿದಿತ್ತು. ಓದಿ ನಾಚಿಕೆಯೂ ಆಯಿತು, ಒಬ್ಬನೇ ಅಲ್ಲ ಎಂಬ ಸಮಾಧಾನವೂ ಆಯಿತು.

ಈಗ ಬಲಭಾಗದ ದೊಡ್ಡ ಕರುಳನ್ನು ಎರಡು ಸಲ ನೋಡುತ್ತೇನೆ. ಮೊದಲ ಸಲ ಎಐ ಆಫ್, ಎರಡನೇ ಸಲ ಆನ್. ಹೊರಗೆ ಬೆಂಚಿನಲ್ಲಿ ಕಾಯುವವರು ಸಿಸ್ಟರ್ ಹತ್ತಿರ ಗೊಣಗುತ್ತಾರೆ, ಗೊಣಗಲಿ. ಐದರಲ್ಲಿ ಮೂರೂವರೆ ಸ್ಟಾರ್. ಕೇಸುಗಳು ಕಡಿಮೆ ಇರುವ ಕಡೆಯಾದರೆ ಮೊದಲು ಒಳ್ಳೇ ಸ್ಕೋಪ್, ಕರುಳು ತೊಳೆಯುವ ನೀರಿನ ಪಂಪ್ ತಗೊಳ್ಳಿ.